ಚಾರಣದ ಚೀಲಕ್ಕೆ ಯಾವ ಪಾತ್ರೆ?

ಬೆಂಗಳೂರಿನ ಚಿಕ್ಕಪೇಟೆ ಕಡೆಯ ಸ್ಟೀಲ್ ಅಂಗಡಿಗಳಲ್ಲಿ ಪಾತ್ರೆಯನ್ನು ತಕ್ಕಡಿಗಿಟ್ಟು ಕಿಲೋ ಲೆಕ್ಕದಲ್ಲಿ ಮಾರುತ್ತಾರೆ. ಒಂದು ಲೀಟರಿನ, ಆದಷ್ಟು ಹಗುರಾದ ಡಬರಿ ಬೇಕು ಎಂದು ಕೇಳಿದ್ದಕ್ಕೆ ಅಂಗಡಿಯ ಹಿರಿಯರು ನನ್ನ ಕೈಯಲ್ಲಿದ್ದ ತೆಳು ಪಾತ್ರೆಯನ್ನು ಕಸಿದುಕೊಂಡು ಇನ್ನೊಂದನ್ನು ಇಟ್ಟರು. “ಅದು ಬೇಡ ಸರ್, ತಗಡು ತೆಳು. ನಾಲ್ಕು ದಿನಕ್ಕೆ ನೆಗ್ಗಿಹೋಗುತ್ತೆ. ಇದನ್ನ ಹಿಡಿದು ನೋಡಿ, ಎಷ್ಟು ಗಟ್ಟಿ ಇದೆ!” ನನಗೆ ಗಟ್ಟಿ ಬೇಡ, ಬೆನ್ನ ಮೇಲೆ ಹೊತ್ತು ಬೆಟ್ಟ ಹತ್ತಬೇಕು ಎಂದೆ. ಅವರು ಒಂದು ಕ್ಷಣ ನನ್ನನ್ನೇ ನೋಡಿ, “ಹಂಗಾದ್ರೆ ಪ್ಲಾಸ್ಟಿಕ್ ಅಂಗಡಿಗೆ ಹೋಗಿ” ಅಂದುಬಿಟ್ಟರು.

ಅವರ ತಪ್ಪೇನಿಲ್ಲ. ಮನೆಯಲ್ಲಿ ಪಾತ್ರೆಗೆ ತೂಕವೇ ಮರ್ಯಾದೆ. ತಳ ದಪ್ಪವಿದ್ದಷ್ಟೂ ಅಡುಗೆ ಸೀಯುವುದಿಲ್ಲ, ಮಗಳ ಮದುವೆಗೆ ಕೊಟ್ಟ ಪಾತ್ರೆ ಮೊಮ್ಮಗಳವರೆಗೂ ಬರುತ್ತದೆ. ಚಾರಣದಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. ಆದರೆ ಹಗುರ ಬೇಕೆಂದು ಹೊರಟವರಿಗೆ ಎರಡನೆಯ ಚಿಂತೆ ಹತ್ತುತ್ತದೆ: ಅಲ್ಯೂಮಿನಿಯಂ ಒಳ್ಳೆಯದಲ್ಲವಂತೆ, ನಾನ್‌ಸ್ಟಿಕ್ ವಿಷವಂತೆ, ಟೈಟಾನಿಯಂ ಒಂದೇ ಸುರಕ್ಷಿತವಂತೆ. ಈ ‘ಅಂತೆ’ಗಳಲ್ಲಿ ನಿಜವೆಷ್ಟು ಎಂಬುದು, ನೀವು ಆ ಪಾತ್ರೆಯಲ್ಲಿ ಬರೀ ನೀರು ಕಾಯಿಸುತ್ತೀರೋ, ಅಡುಗೆ ಮಾಡುತ್ತೀರೋ ಎನ್ನುವುದರ ಮೇಲೆ ನಿಂತಿದೆ. ಲೋಹದ ಹೆಸರು ಆಮೇಲಿನ ಮಾತು.

ತೂಕದ ಲೆಕ್ಕ

ಮೊದಲು ತಕ್ಕಡಿಯ ವಿಷಯ ಮುಗಿಸಿಬಿಡೋಣ. ಒಂದು ಘನ ಸೆಂಟಿಮೀಟರ್ ಅಲ್ಯೂಮಿನಿಯಂ 2.7 ಗ್ರಾಂ ತೂಗುತ್ತದೆ. ಟೈಟಾನಿಯಂ 4.5 ಗ್ರಾಂ, ಸ್ಟೀಲ್ ಹೆಚ್ಚುಕಡಿಮೆ 8 ಗ್ರಾಂ. ಅಂದರೆ ಈ ಮೂರರಲ್ಲಿ ಹಗುರ ಲೋಹ ಅಲ್ಯೂಮಿನಿಯಮ್ಮೇ. ಹಾಗಿದ್ದರೂ ಅಂಗಡಿಯಲ್ಲಿ ಅತಿ ಹಗುರ ಪಾತ್ರೆ ಟೈಟಾನಿಯಂನದು. ಇದು ಹೇಗೆ?

ತಗಡಿನ ದಪ್ಪದಲ್ಲಿದೆ ಗುಟ್ಟು. ಅಲ್ಯೂಮಿನಿಯಂ ಮೆದು. ಅದನ್ನು ಒಂದು ಮಿಲಿಮೀಟರಿನಷ್ಟಾದರೂ ದಪ್ಪ ಇಡದಿದ್ದರೆ ಚೀಲದಲ್ಲಿ ಅಪ್ಪಚ್ಚಿಯಾಗುತ್ತದೆ. ಟೈಟಾನಿಯಂ ಗಟ್ಟಿ ಲೋಹ, 0.4 ಮಿಲಿಮೀಟರಿಗೇ ನಿಲ್ಲುತ್ತದೆ. 12 ಸೆಂಟಿಮೀಟರ್ ಅಗಲ, 9 ಸೆಂಟಿಮೀಟರ್ ಎತ್ತರದ ಒಂದು ಪಾತ್ರೆ ತೆಗೆದುಕೊಳ್ಳಿ; ಅದರಲ್ಲಿ ಒಂದು ಲೀಟರ್ ನೀರು ಹಿಡಿಯುತ್ತದೆ. ತಳ, ಸುತ್ತುಗೋಡೆ ಎರಡೂ ಸೇರಿ ಸುಮಾರು 450 ಚದರ ಸೆಂಟಿಮೀಟರ್ ತಗಡು ಬೇಕು. 0.4 ಮಿಲಿಮೀಟರಿನ ಟೈಟಾನಿಯಂನಲ್ಲಿ ಮಾಡಿದರೆ 81 ಗ್ರಾಂ, ಒಂದು ಮಿಲಿಮೀಟರಿನ ಅಲ್ಯೂಮಿನಿಯಂನಲ್ಲಿ 122 ಗ್ರಾಂ, ಅರ್ಧ ಮಿಲಿಮೀಟರಿನ ಸ್ಟೀಲ್‌ನಲ್ಲಿ 181 ಗ್ರಾಂ. ಆ ಹಿರಿಯರು ಮೆಚ್ಚಿದ ಒಂದು ಮಿಲಿಮೀಟರಿನ ಸ್ಟೀಲ್ ಆದರೆ 360 ಗ್ರಾಂ ದಾಟುತ್ತದೆ. ಮುಚ್ಚಳ, ಹಿಡಿಕೆ ಇನ್ನೂ ಸೇರಿಲ್ಲ.

ಟೈಟಾನಿಯಂಗೂ ಅಲ್ಯೂಮಿನಿಯಂಗೂ ಇರುವ ಅಂತರ ಬರೀ 40 ಗ್ರಾಂ! ಇಷ್ಟಕ್ಕೆ ಬೆಲೆ ಮಾತ್ರ ಹಲವು ಪಟ್ಟು. ಈ 40 ಗ್ರಾಂ ಅನ್ನು ಇಂಧನದ ಜೊತೆ ಹೋಲಿಸಿ ನೋಡಿ. ಒಂದು ಲೀಟರ್ ನೀರನ್ನು 20 ಡಿಗ್ರಿಯಿಂದ 95 ಡಿಗ್ರಿಗೆ ಏರಿಸಲು ಸುಮಾರು 314 ಕಿಲೋಜೌಲ್ ಶಾಖ ಬೇಕು. ಗ್ಯಾಸಿನ ಒಂದು ಗ್ರಾಂ ಸುಮಾರು 46 ಕಿಲೋಜೌಲ್ ಕೊಡುತ್ತದೆ. ಏನೂ ಪೋಲಾಗದಿದ್ದರೆ ಏಳು ಗ್ರಾಂ ಸಾಕು. ಅರ್ಧ ಶಾಖ ಗಾಳಿಪಾಲಾದರೆ 14 ಗ್ರಾಂ. ಗಾಳಿಗೆ ಮರೆಯಿಲ್ಲದೆ, ಮುಚ್ಚಳವಿಲ್ಲದೆ ಬಯಲಲ್ಲಿ ಒಲೆ ಹೊತ್ತಿಸುವವರು ಟೈಟಾನಿಯಂನಿಂದ ಉಳಿಸಿದ್ದನ್ನು ಮೂರು ನಾಲ್ಕು ದಿನದಲ್ಲಿ ಗ್ಯಾಸಿನ ರೂಪದಲ್ಲಿ ಕಳೆದಿರುತ್ತಾರೆ. ಸಾವಿರಾರು ರೂಪಾಯಿಯ ಪಾತ್ರೆ ತಂದು ಮುಚ್ಚಳ ಮನೆಯಲ್ಲಿ ಬಿಟ್ಟು ಬರುವವರನ್ನು ಕಂಡಾಗ ನನಗೆ ನಗು ಬರುತ್ತದೆ.

ಉಪ್ಪಿಟ್ಟು ಸೀದ ಕಥೆ

ಬರೀ ನೀರು ಕಾಯಿಸಲಿಕ್ಕೆ ಯಾವ ಲೋಹವಾದರೂ ಒಂದೇ. ಅಲ್ಯೂಮಿನಿಯಂ ಶಾಖವನ್ನು ಸ್ಟೀಲ್‌ಗಿಂತ ಹತ್ತು ಪಟ್ಟಿಗೂ ಹೆಚ್ಚು ಚೆನ್ನಾಗಿ ಸಾಗಿಸುತ್ತದೆ, ಹಾಗಾಗಿ ಅದರಲ್ಲಿ ನೀರು ಬೇಗ ಕುದಿಯಬೇಕು ಎಂದು ಅನ್ನಿಸುತ್ತದೆ. ಆದರೆ ಶಾಖ ದಾಟಬೇಕಾಗಿರುವುದು ಒಂದು ಮಿಲಿಮೀಟರ್ ಮೀರದ ತೆಳು ತಗಡನ್ನು. ಗ್ಯಾಸ್ ಒಲೆಯ ಜೋರು ಉರಿಯಲ್ಲೂ ಟೈಟಾನಿಯಂ ತಳದ ಹೊರಮೈಗೂ ಒಳಮೈಗೂ ಮೂರು ನಾಲ್ಕು ಡಿಗ್ರಿ ವ್ಯತ್ಯಾಸ ಬಂದರೆ ಹೆಚ್ಚು. ನೀರು ಕುದಿಯುವ ಹೊತ್ತಿನಲ್ಲಿ ಅದು ಲೆಕ್ಕಕ್ಕೇ ಬಾರದು.

ತೊಂದರೆ ಇರುವುದು ಶಾಖ ಅಡ್ಡಡ್ಡಲಾಗಿ ಹರಡುವುದರಲ್ಲಿ. ಚಾರಣದ ಒಲೆಯ ಉರಿ ಚಿಕ್ಕದು, ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡ ವೃತ್ತ. ಅಲ್ಯೂಮಿನಿಯಂ ಆ ಶಾಖವನ್ನು ತಳದ ಅಂಚಿನವರೆಗೂ ಹಂಚುತ್ತದೆ. ಟೈಟಾನಿಯಂಗೂ ಸ್ಟೀಲ್‌ಗೂ ಅದು ಆಗುವುದಿಲ್ಲ. ಉರಿ ತಾಗಿದ ಜಾಗವಷ್ಟೇ ಕೆಂಡದಂತೆ ಕಾಯುತ್ತದೆ, ಎರಡು ಇಂಚು ಆಚೆ ಬೆಚ್ಚಗೆ ಇರುತ್ತದೆ. ನೀರಾದರೆ ಚಿಂತೆಯಿಲ್ಲ, ಕಾದ ನೀರು ತಾನೇ ಮೇಲೇರಿ ತಣ್ಣೀರಿಗೆ ಜಾಗ ಬಿಡುತ್ತದೆ. ರವೆ ಹಾಗೆ ಓಡಾಡುವುದಿಲ್ಲ, ಬಿದ್ದಲ್ಲೇ ಕೂರುತ್ತದೆ.

ನಾನು ಇದನ್ನು ಕಲಿತಿದ್ದು ಹಿಮಾಲಯದ ಒಂದು ಬಿಡಾರದಲ್ಲಿ, ಹೊಸ ಟೈಟಾನಿಯಂ ಪಾತ್ರೆಯಲ್ಲಿ ಉಪ್ಪಿಟ್ಟಿಗೆ ಕೈ ಹಾಕಿದಾಗ. ಒಗ್ಗರಣೆಗೆ ಹಾಕಿದ ಸಾಸಿವೆ ನಡುವಿನಲ್ಲಿ ಕರಿಕಲಾಗುತ್ತಿದ್ದರೆ ಅಂಚಿನವು ಇನ್ನೂ ಸಿಡಿದಿರಲಿಲ್ಲ. ರವೆ ಸುರಿದು ಸೌಟು ಆಡಿಸುವಷ್ಟರಲ್ಲಿ ತಳ ಹಿಡಿಯಿತು. ಮೇಲೆ ಹಸಿ ರವೆ, ಕೆಳಗೆ ಸೀಕಲು. ನನ್ನ ಜೊತೆಗಾರ ಅದನ್ನು ತಿಂದು, “ಕಾಫಿ ಪರಿಮಳ ಇದೆ ಮಾರಾಯ” ಎಂದ. ಆ ತಳವನ್ನು ಐಸ್‌ನಂಥ ನೀರಿನಲ್ಲಿ ಮರಳು ಹಾಕಿ ಉಜ್ಜುವಾಗ ನಾನು ಉಳಿಸಿದ 40 ಗ್ರಾಂ ಪದೇ ಪದೇ ನೆನಪಾಯಿತು.

ಎತ್ತರ ಹೆಚ್ಚಿದಂತೆ ಇದು ಇನ್ನೂ ಕಷ್ಟ. ಸಮುದ್ರಮಟ್ಟದಿಂದ ಪ್ರತಿ 300 ಮೀಟರ್ ಏರಿದರೆ ನೀರು ಕುದಿಯುವ ಉಷ್ಣತೆ ಸುಮಾರು ಒಂದು ಡಿಗ್ರಿ ಇಳಿಯುತ್ತದೆ. 1,712 ಮೀಟರಿನ ಕುಮಾರಪರ್ವತದ ನೆತ್ತಿಯಲ್ಲಿ 94 ಡಿಗ್ರಿಯ ಆಸುಪಾಸು. ಅಲ್ಲಿ ಅನ್ನ ತುಸು ತಡವಾಗಿ ಬೇಯುತ್ತದೆ, ಅಷ್ಟೆ. 3,600 ಮೀಟರಿನಲ್ಲಿ 88. ಅಲ್ಲಿ ತೊಗರಿಬೇಳೆ ಕುದಿಯುತ್ತಲೇ ಇರುತ್ತದೆ, ಬೇಯುವುದಿಲ್ಲ. ಬಹಳ ಹೊತ್ತು ಒಲೆಯ ಮೇಲಿಡಬೇಕಾದ್ದರಿಂದ ತೆಳು ತಳದಲ್ಲಿ ಸೀಯುವುದೂ ಹೆಚ್ಚು. ಹಿಮಾಲಯದ ಚಾರಣ ತಂಡಗಳ ಅಡುಗೆಯವರು ಕಿಲೋ ದಾಟುವ ಅಲ್ಯೂಮಿನಿಯಂ ಕುಕ್ಕರನ್ನು ಹೊತ್ತೇ ಹೋಗುವುದು ಇದಕ್ಕೇ. ನಾಲ್ಕು ಜನ ಅನ್ನ ಸಾರು ಉಣ್ಣುವುದಾದರೆ ಆ ಕುಕ್ಕರೇ ಎಲ್ಲಕ್ಕಿಂತ ‘ಹಗುರ’, ಯಾಕೆಂದರೆ ಅದು ಉಳಿಸುವ ಗ್ಯಾಸಿಗೂ ತೂಕವಿದೆ.

ಹುಳಿಗೂ ಅಲ್ಯೂಮಿನಿಯಂಗೂ ಆಗಿಬರದು

ನಮ್ಮ ಅಜ್ಜಿಯಂದಿರು ಹುಣಸೆಹಣ್ಣನ್ನು ಕಲ್ಲಿನ ಮರಿಗೆಯಲ್ಲೋ ಜಾಡಿಯಲ್ಲೋ ಇಡುತ್ತಿದ್ದರು, ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸದೆ ಹುಳಿ ಅಡುಗೆ ಮಾಡುತ್ತಿರಲಿಲ್ಲ. ‘ಕಿಲುಬು’ ಎಂಬ ಒಂದೇ ಪದದಲ್ಲಿ ಅವರು ಹೇಳಿದ್ದೇ ಅಲ್ಯೂಮಿನಿಯಂಗೂ ಹೊಂದುತ್ತದೆ.

ಅಲ್ಯೂಮಿನಿಯಂ ಗಾಳಿ ತಾಕಿದ ಕೂಡಲೇ ತನ್ನ ಮೈಮೇಲೆ ಆಕ್ಸೈಡಿನ ತೆಳು ಪೊರೆ ಹೊದ್ದುಕೊಳ್ಳುತ್ತದೆ. ಆ ಪೊರೆ ಇರುವವರೆಗೆ ಲೋಹ ಆಹಾರಕ್ಕೆ ಇಳಿಯುವುದು ತೀರಾ ಕಡಿಮೆ. ಹುಳಿ ಅದನ್ನು ಕರಗಿಸುತ್ತದೆ: ಹುಣಸೆ, ಟೊಮೇಟೊ, ನಿಂಬೆ, ಮಜ್ಜಿಗೆ. ಉಪ್ಪು ಜೊತೆಗೆ ಸೇರಿದರೆ ಮತ್ತಷ್ಟು. ನೀರು ಕಾಯಿಸಿ ಕಪ್ಪಾದ ಅಲ್ಯೂಮಿನಿಯಂ ಪಾತ್ರೆಯಲ್ಲಿ ಒಮ್ಮೆ ಟೊಮೇಟೊ ಸಾರು ಮಾಡಿ ನೋಡಿ, ಒಳಗೆ ಫಳಫಳ ಹೊಳೆಯುತ್ತದೆ. ಪಾತ್ರೆ ಸ್ವಚ್ಛವಾಯಿತು ಎಂದು ಹಿಗ್ಗಬೇಡಿ, ಆ ಮೇಲ್ಪದರ ನಿಮ್ಮ ಸಾರಿನಲ್ಲಿದೆ. ಮೊದಲಿದ್ದ ಕಪ್ಪು ಬಣ್ಣದಿಂದ ಯಾವ ಅಪಾಯವೂ ಇರಲಿಲ್ಲ.

ಇದು ಎಷ್ಟು ಅಪಾಯ? ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ 2008ರಲ್ಲಿ ಹಾಕಿದ ಮಿತಿ, ದೇಹತೂಕದ ಕಿಲೋ ಒಂದಕ್ಕೆ ವಾರಕ್ಕೆ ಒಂದು ಮಿಲಿಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಕೃಷಿ ಸಂಸ್ಥೆಯ ಜಂಟಿ ತಜ್ಞರ ಸಮಿತಿ 2011ರಲ್ಲಿ ಎರಡು ಮಿಲಿಗ್ರಾಂ ಎಂದಿತು. ಅಂದರೆ 60 ಕಿಲೋ ತೂಕದವರಿಗೆ ವಾರಕ್ಕೆ 60ರಿಂದ 120 ಮಿಲಿಗ್ರಾಂ. ನುಂಗಿದ್ದರಲ್ಲಿ ರಕ್ತಕ್ಕೆ ಸೇರುವುದು ಶೇಕಡಾ ಒಂದಕ್ಕಿಂತಲೂ ಕಡಿಮೆ, ಅದನ್ನೂ ಮೂತ್ರಪಿಂಡ ಹೊರಹಾಕುತ್ತದೆ. ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ನಿಜವಾಗಿ ಜಾಗ್ರತೆ ವಹಿಸಬೇಕು. ಅಲ್ಯೂಮಿನಿಯಂ ಪಾತ್ರೆಯಿಂದ ಮರೆವಿನ ಕಾಯಿಲೆ ಬರುತ್ತದೆ ಎಂಬ ಭಯ 1960, 70ರ ದಶಕಗಳಿಂದ ಸುತ್ತುತ್ತಿದೆ. ಅದನ್ನು ಖಚಿತಪಡಿಸುವ ಪುರಾವೆ ಇವತ್ತಿಗೂ ಸಿಕ್ಕಿಲ್ಲ. ವರ್ಷಕ್ಕೆ ಎರಡು ಸಲ ನಾಲ್ಕು ದಿನದ ಚಾರಣ ಮಾಡುವವರು ಅದರಲ್ಲಿ ಗಂಜಿ, ಮ್ಯಾಗಿ, ಚಹಾ ಮಾಡಿಕೊಂಡರೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಪುಳಿಯೋಗರೆ ಗೊಜ್ಜನ್ನು ಮಾತ್ರ ರಾತ್ರಿಯಿಡೀ ಅದರಲ್ಲೇ ಬಿಡಬೇಡಿ.

ಆ ಆಕ್ಸೈಡ್ ಪೊರೆಯನ್ನು ಆಮ್ಲದ ತೊಟ್ಟಿಯಲ್ಲಿ ವಿದ್ಯುತ್ ಹಾಯಿಸಿ ದಪ್ಪಗೆ ಬೆಳೆಸಿದರೆ ಅದೇ ಅನೊಡೈಸ್ಡ್ ಅಲ್ಯೂಮಿನಿಯಂ. ಬೂದುಗಪ್ಪು ಬಣ್ಣದ ‘ಹಾರ್ಡ್ ಅನೊಡೈಸ್ಡ್’ ಪಾತ್ರೆ ಮನೆಗಳಲ್ಲೂ ಈಗ ಸಾಮಾನ್ಯ. ಇದು ಬಳಿದ ಬಣ್ಣವಲ್ಲ, ಲೋಹದಿಂದಲೇ ಹುಟ್ಟಿದ್ದು, ಆದ್ದರಿಂದ ಸಿಪ್ಪೆಯಂತೆ ಏಳುವುದಿಲ್ಲ. ಹುಳಿಗೂ ಸಾಕಷ್ಟು ತಡೆಯುತ್ತದೆ. ಇದರ ಶತ್ರು ಕ್ಷಾರ. ಕಾಡಿನಲ್ಲಿ ಹಿರಿಯರ ಪದ್ಧತಿಯಂತೆ ಒಲೆಯ ಬೂದಿ ಹಾಕಿ ತಿಕ್ಕಿದರೆ, ಅದರಲ್ಲಿರುವ ಕ್ಷಾರ ಆ ಪೊರೆಯನ್ನೇ ತಿನ್ನುತ್ತದೆ. ಬೂದಿ ಸ್ಟೀಲ್‌ಗೆ ಸರಿ, ಇದಕ್ಕಲ್ಲ.

ನಾನು ನಿಜವಾಗಿ ಹೆದರುವುದು ಬೇರೆ ವಿಷಯಕ್ಕೆ: ಗುಜರಿ ಲೋಹ ಕರಗಿಸಿ ಎರಕ ಹೊಯ್ದ ಪಾತ್ರೆಗಳಿಗೆ. ಹಳೆ ಎಂಜಿನ್ ಭಾಗ, ರೇಡಿಯೇಟರ್, ತಂತಿಗಳೆಲ್ಲ ಒಂದೇ ಮೂಸೆಗೆ ಹೋದರೆ ಜೊತೆಗೆ ಸೀಸವೂ ಹೋಗುತ್ತದೆ. ಸೀಸಕ್ಕೆ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ, ಮಕ್ಕಳ ಮೆದುಳಿಗಂತೂ. ಅಮೆರಿಕದ ಸಿಯಾಟಲ್ ಸುತ್ತಮುತ್ತ ನೆಲೆಸಿದ ಆಫ್ಘನ್ ನಿರಾಶ್ರಿತರ ಮಕ್ಕಳ ರಕ್ತದಲ್ಲಿ ಸೀಸ ಹೆಚ್ಚಿದ್ದದ್ದು ಯಾಕೆಂದು ಅಲ್ಲಿನ ಕಿಂಗ್ ಕೌಂಟಿಯ ಆರೋಗ್ಯ ಸಿಬ್ಬಂದಿ ಹುಡುಕುತ್ತ ಹೋದಾಗ ಸಿಕ್ಕ ಮೂಲಗಳಲ್ಲಿ ಒಂದು ಅಲ್ಯೂಮಿನಿಯಂ ಅಡುಗೆ ಪಾತ್ರೆ. 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಕೊಟ್ಟ ಎಚ್ಚರಿಕೆಯಲ್ಲಂತೂ ನಮಗೆಲ್ಲ ಪರಿಚಿತ ಹೆಸರುಗಳೇ ಇದ್ದವು: ಹಿಂಡಾಲಿಯಂ, ಇಂಡಾಲಿಯಂ, ಹಿತ್ತಾಳೆ. ಆ ಹೆಸರಿನ ಎಲ್ಲ ಪಾತ್ರೆಯಲ್ಲೂ ಸೀಸವಿದೆ ಎಂದಲ್ಲ. ಆದರೆ ಸಂತೆಯಲ್ಲಿ ಗುರುತಿಲ್ಲದೆ ಮಾರುವ ಎರಕದ ಬಾಣಲೆಯೊಳಗೆ ಏನಿದೆ ಎಂದು ಕಣ್ಣಿನಿಂದ ಹೇಳಲಾಗದು. ಸ್ಟೀಲ್, ಅಲ್ಯೂಮಿನಿಯಂ ಪಾತ್ರೆಗಳಿಗೆ ಐಎಸ್‌ಐ ಗುರುತು ಕಡ್ಡಾಯ ಮಾಡುವ ಆದೇಶವನ್ನು ಕೇಂದ್ರ ಸರ್ಕಾರ 2024ರಲ್ಲಿ ಹೊರಡಿಸಿದೆ. ಅಲ್ಯೂಮಿನಿಯಂಗೆ ಐಎಸ್ 1660, ಸ್ಟೀಲ್‌ಗೆ ಐಎಸ್ 14756. ಪಾತ್ರೆ ತಿರುಗಿಸಿ ಆ ಗುರುತು ನೋಡಿ. ಹಗುರ, ಅಗ್ಗ ಎಂದು ರಸ್ತೆಬದಿಯಲ್ಲಿ ಕೊಂಡು ಉಳಿಸುವ ಇನ್ನೂರು ರೂಪಾಯಿ ಬೇಡ.

ಸ್ಟೀಲ್, ಟೈಟಾನಿಯಂ

ಸ್ಟೀಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹುಳಿ, ಉಪ್ಪು, ಬೂದಿ, ತೆಂಗಿನ ನಾರು ಎಲ್ಲಕ್ಕೂ ಜಗ್ಗದು. 304 ದರ್ಜೆಯದ್ದಾದರೆ ಅದರಲ್ಲಿ ಸುಮಾರು ಶೇಕಡಾ 18 ಕ್ರೋಮಿಯಂ, 8 ನಿಕಲ್ ಇರುತ್ತದೆ. ಆಯಸ್ಕಾಂತ ಅಂಟದಿದ್ದರೆ ಒಳ್ಳೆ ಸ್ಟೀಲ್ ಎಂಬ ಮಾತು ಅಂಗಡಿಗಳಲ್ಲಿ ಓಡುತ್ತದೆ, ಆದರೆ ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ತುಂಬಿದ ಅಗ್ಗದ 202ಕ್ಕೂ ಆಯಸ್ಕಾಂತ ಅಂಟುವುದಿಲ್ಲ. ನಿಕಲ್ ಅಲರ್ಜಿ ಇರುವವರು ಒಂದು ತಿಳಿದಿರಲಿ: ಹೊಸ ಪಾತ್ರೆಯಲ್ಲಿ ಹುಳಿ ಅಡುಗೆ ಮಾಡಿದ ಮೊದಲ ಕೆಲವು ಸಲ ನಿಕಲ್ ಹೆಚ್ಚು ಇಳಿಯುತ್ತದೆ, ಆಮೇಲೆ ತಗ್ಗುತ್ತದೆ. ಹೊಸ ಪಾತ್ರೆಯನ್ನು ಚಾರಣಕ್ಕೆ ಮುಂಚೆ ಮನೆಯಲ್ಲೇ ನಾಲ್ಕಾರು ಬಾರಿ ಬಳಸಿ.

ಟೈಟಾನಿಯಂ ಸುರಕ್ಷತೆಯಲ್ಲಿ ಎಲ್ಲರಿಗಿಂತ ಮುಂದೆ. ಅದರ ಆಕ್ಸೈಡ್ ಪೊರೆಯನ್ನು ಅಡುಗೆಮನೆಯ ಯಾವ ಹುಳಿಯೂ ಅಲುಗಾಡಿಸದು. 1965ರಿಂದ ಮನುಷ್ಯರ ದವಡೆಮೂಳೆಗೇ ಟೈಟಾನಿಯಂ ತಿರುಪು ಕೂರಿಸಿ ಕೃತಕ ಹಲ್ಲು ನಿಲ್ಲಿಸುತ್ತಿದ್ದಾರೆ. ಮೂಳೆಯೇ ಒಪ್ಪಿಕೊಂಡ ಲೋಹ ಅದು. ಬೆಂಕಿಗಿಟ್ಟರೆ ನವಿಲುಗರಿಯಂತೆ ನೀಲಿ, ನೇರಳೆ ಬಣ್ಣ ಬರುತ್ತದೆ. ಪೊರೆ ದಪ್ಪವಾದಂತೆ ಬೆಳಕು ಆಡುವ ಆಟ ಅದು, ಪಾತ್ರೆ ಕೆಟ್ಟಿಲ್ಲ. ಒಬ್ಬರೇ ಹೋಗುವವರು, ನೀರು ಕಾಯಿಸಿ ಅವಲಕ್ಕಿಗೋ ನೂಡಲ್ಸಿಗೋ ಕಾಫಿಗೋ ಸುರಿದುಕೊಳ್ಳುವವರು, ಮುಚ್ಚಳ ಸೇರಿ 100 ಗ್ರಾಂ ಆಸುಪಾಸಿನ 750 ಎಂಎಲ್ ಪಾತ್ರೆ ಕೊಂಡರೆ ಪಶ್ಚಾತ್ತಾಪ ಪಡುವುದಿಲ್ಲ. ಒಗ್ಗರಣೆ ಇಲ್ಲದೆ ಊಟ ಇಳಿಯದವರಿಗೆ ಅದು ಬೇಡ.

ಒಣ ಪಾತ್ರೆಯ ಅಪಾಯ

ಪಾತ್ರೆಯಲ್ಲಿ ನೀರಿರುವವರೆಗೆ ಅದರ ತಳ ನೂರು ಡಿಗ್ರಿಯಿಂದ ಬಹಳ ಮೇಲೆ ಹೋಗಲಾರದು. ಕಾಗದದ ಲೋಟದಲ್ಲೂ ನೀರು ಕುದಿಸಬಹುದು ಎಂದು ಶಾಲೆಯಲ್ಲಿ ತೋರಿಸುತ್ತಿದ್ದರಲ್ಲ, ಅದೇ. ನೀರು ಆರಿದ ಮರುಕ್ಷಣ ಆಟ ಬದಲು. ತೆಳು ತಗಡಿಗೆ ಶಾಖ ಹಿಡಿದಿಟ್ಟುಕೊಳ್ಳುವ ಮೈಯೇ ಇಲ್ಲ, ನೋಡನೋಡುತ್ತಲೇ ಕಾದುಬಿಡುತ್ತದೆ.

ನಾನ್‌ಸ್ಟಿಕ್‌ನ ನಿಜವಾದ ಸಮಸ್ಯೆ ಇಲ್ಲಿದೆ. ಟೆಫ್ಲಾನ್ ಎಂದು ನಾವು ಕರೆಯುವ ಪಿಟಿಎಫ್‌ಇ ಲೇಪನ 260 ಡಿಗ್ರಿಯವರೆಗೆ ಸುಮ್ಮನಿರುತ್ತದೆ. ಅದಕ್ಕಿಂತ ಮೇಲೆ ಹೋದಂತೆ ಒಡೆಯತೊಡಗುತ್ತದೆ, 350 ದಾಟಿದರೆ ಹೊಗೆ ವಿಷವಾಗುತ್ತದೆ. ಉಸಿರಾಡಿದವರಿಗೆ ಜ್ವರ, ಚಳಿ, ಎದೆ ಬಿಗಿತ. ಪಂಜರದ ಗಿಳಿಗಳು ಸತ್ತೇಹೋಗುತ್ತವೆ. ಮನೆಯ ದಪ್ಪ ಹೆಂಚು ಅಷ್ಟು ಬಿಸಿಯಾಗಲು ಹೊತ್ತು ಹಿಡಿಯುತ್ತದೆ. ಚಾರಣದ ತೆಳು ಬಾಣಲೆ, ಒಂದೇ ಕಡೆ ಚುಚ್ಚುವ ಉರಿ, ಅದರ ಮೇಲೆ ಚಳಿಗೆಂದು ಮುಚ್ಚಿದ ಟೆಂಟಿನ ಬಾಯಿ! ರಿಫೈನ್ಡ್ ಕಡಲೆಕಾಯಿ ಎಣ್ಣೆ 230 ಡಿಗ್ರಿ ಸುಮಾರಿಗೆ ಹೊಗೆಯಾಡುತ್ತದೆ. ಅದನ್ನೇ ನಿಮ್ಮ ಥರ್ಮಾಮೀಟರ್ ಎಂದುಕೊಳ್ಳಿ. ಎಣ್ಣೆ ಹೊಗೆ ಕಂಡರೆ ಉರಿ ತಗ್ಗಿಸಿ, ಖಾಲಿ ಬಾಣಲೆ ಕಾಯಿಸಲೇಬೇಡಿ, ಸೌದೆ ಬೆಂಕಿಗೆ ಹತ್ತಿರವೂ ಒಯ್ಯಬೇಡಿ.

ಗೀರು ಬಿದ್ದು ಎದ್ದ ಚೂರು ಹೊಟ್ಟೆಗೆ ಹೋದರೆ? ಅದು ಜೀರ್ಣವಾಗದು, ಹೋದ ಹಾಗೇ ಹೊರಬರುತ್ತದೆ. ದೊಡ್ಡ ಗಲಾಟೆಯಾದದ್ದು ಲೇಪನ ತಯಾರಿಸಲು ಬಳಸುತ್ತಿದ್ದ ಪಿಎಫ್‌ಒಎ ಎಂಬ ರಾಸಾಯನಿಕದ ಬಗ್ಗೆ. ಪ್ರಮುಖ ತಯಾರಕರು 2015ರ ಹೊತ್ತಿಗೆ ಅದನ್ನು ಕೈಬಿಡಲು 2006ರಲ್ಲೇ ಒಪ್ಪಿದ್ದರು, 2019ರಲ್ಲಿ ಅದು ಹಾನಿಕರ ರಾಸಾಯನಿಕಗಳನ್ನು ತಡೆಯುವ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ನಿರ್ಮೂಲನ ಪಟ್ಟಿಗೆ ಸೇರಿತು. ಹಾಗಾಗಿ ಡಬ್ಬಿಯ ಮೇಲೆ ‘ಪಿಎಫ್‌ಒಎ ಮುಕ್ತ’ ಎಂದಿದ್ದರೆ ಅದರಿಂದ ಅತಿಬಿಸಿಯ ಅಪಾಯ ಕಡಿಮೆಯಾಯಿತೆಂದು ಅರ್ಥವಲ್ಲ. ‘ಸೆರಾಮಿಕ್’ ಲೇಪನದಲ್ಲಿ ಈ ಹೊಗೆಯ ಭಯವಿಲ್ಲ, ಆದರೆ ಅದರ ಜಾರುಗುಣ ಬೇಗ ಸಾಯುತ್ತದೆ. ಚೀಲದಲ್ಲಿ ಚಮಚ, ಚಾಕುಗಳ ಜೊತೆ ಕುಲುಕಾಡಿದರಂತೂ ಇನ್ನೂ ಬೇಗ.

ಒಣ ಪಾತ್ರೆಯ ಇನ್ನೊಂದು ಅವತಾರ ನೀರಿನ ಬಾಟಲಿ. ಒಂದೇ ಗೋಡೆಯ, ಬಣ್ಣ ಬಳಿಯದ ಸ್ಟೀಲ್ ಬಾಟಲಿಯನ್ನು ಮುಚ್ಚಳ ತೆಗೆದು ಒಲೆಗಿಡಬಹುದು. ಬಿಸಿ ಹಿಡಿದಿಡುವ ಎರಡು ಗೋಡೆಯ ಫ್ಲಾಸ್ಕನ್ನು ಎಂದೂ ಇಡಬಾರದು, ಸಿಡಿಯುವ ಸಂಭವವಿದೆ. ಮಡಚುವ ಸಿಲಿಕೋನ್ ಪಾತ್ರೆಯ ತಳ ಲೋಹದ್ದೇ ಆದರೂ ಉರಿ ಅಂಚು ದಾಟಿ ಮೇಲೆದ್ದರೆ ಗೋಡೆ ಸುಡುತ್ತದೆ. ಇನ್ನು ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುವ ಲೋಹ. ಧಗಧಗಿಸುವ ಕೆಂಡದ ಮೇಲೆ ಖಾಲಿ ಮರೆತರೆ ಬೆಳಿಗ್ಗೆ ಅದರ ಆಕಾರ ಗುರುತು ಸಿಗುವುದಿಲ್ಲ.

ಸೌದೆ ಬೆಂಕಿಯ ಮಾತು ಬಂದದ್ದಕ್ಕೆ ಹೇಳುತ್ತೇನೆ. ನಮ್ಮ ಘಟ್ಟದ ಚಾರಣದ ಹಾದಿಗಳಲ್ಲಿ ಹಲವು ವನ್ಯಜೀವಿಧಾಮಗಳ ಒಳಗೇ ಇವೆ, ಕುಮಾರಪರ್ವತ ಪುಷ್ಪಗಿರಿ ಅಭಯಾರಣ್ಯದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಕಲಂ ಪ್ರಕಾರ ಅಲ್ಲಿ ಅಭಯಾರಣ್ಯಕ್ಕೆ ಅಪಾಯವಾಗುವಂತೆ ಬೆಂಕಿ ಹಚ್ಚುವುದು ಅಪರಾಧ. ಬೇಸಿಗೆಯ ಒಣ ಹುಲ್ಲಿನ ಬೆಟ್ಟದಲ್ಲಿ ಯಾರಾದರೂ ಮೂರು ಕಲ್ಲು ಹೂಡಿದರೆ ಪಾತ್ರೆಯ ಸುರಕ್ಷತೆಯ ಚರ್ಚೆಗೆ ಅರ್ಥವೇ ಉಳಿಯುವುದಿಲ್ಲ. ಗ್ಯಾಸ್ ಒಲೆಗೂ ಎಲ್ಲಿ ಅನುಮತಿ ಇದೆ ಎಂದು ಅರಣ್ಯ ಇಲಾಖೆಯವರನ್ನು ಕೇಳಿಯೇ ಹೊರಡಿ. ಒಂದು ದಿನದ ಚಾರಣಕ್ಕೆ ಚಪಾತಿ, ಚಟ್ನಿಪುಡಿಯಷ್ಟು ಹಗುರವಾದದ್ದು ಬೇರೆ ಯಾವುದೂ ಇಲ್ಲ.

ಕೊನೆಗೆ ನನ್ನ ಚೀಲದಲ್ಲಿ ಉಳಿದಿರುವುದು 1.2 ಲೀಟರಿನ ಅನೊಡೈಸ್ಡ್ ಅಲ್ಯೂಮಿನಿಯಂ ಪಾತ್ರೆ. ಅದರೊಳಗೆ ಗ್ಯಾಸ್ ಡಬ್ಬಿ, ಲೈಟರು, ಒಂದು ಬಟ್ಟೆತುಂಡು ಹಿಡಿಸುತ್ತವೆ. ಹುಳಿ ಏನಿದ್ದರೂ ಸ್ಟೀಲ್ ಲೋಟದಲ್ಲಿ. ಟೈಟಾನಿಯಂ ಪಾತ್ರೆ ಒಬ್ಬನೇ ಹೋಗುವಾಗ ಮಾತ್ರ ಹೊರಬರುತ್ತದೆ. ಅಗಲ ಬಾಣಲೆಯನ್ನು ಗ್ಯಾಸ್ ಡಬ್ಬಿಯ ಮೇಲೇ ತಿರುಪುವ ಒಲೆಗೆ ಇಡುವುದನ್ನು ಬಿಟ್ಟಿದ್ದೇನೆ, ಶಾಖ ಕೆಳಗೆ ಮರಳಿ ಡಬ್ಬಿಯನ್ನೇ ಕಾಯಿಸುತ್ತದೆ. ಇಕ್ಕಳ 40 ಗ್ರಾಂ ಇದೆ. ತೂಕ ಕಡಿಮೆ ಮಾಡಲೆಂದು ಒಮ್ಮೆ ಅದನ್ನು ಮನೆಯಲ್ಲಿ ಬಿಟ್ಟು, ಟವೆಲ್ಲಿನ ಮೂಲೆಯಿಂದ ಪಾತ್ರೆ ಎತ್ತಲು ಹೋಗಿ ಕುದಿವ ನೀರನ್ನು ಪಾದದ ಮೇಲೆ ಸುರಿದುಕೊಂಡೆ. ಇಳಿದು ಬರಲು ಇನ್ನೂ ಎರಡು ದಿನದ ದಾರಿ ಇತ್ತು.